ಎಲ್ಫ್‌ಗಳ ಕಾಡಿಗೆ ನಾನು ಗಡಿಕಲ್ಲು ನೆಟ್ಟ ಬಗೆ

ನಾನು ಬರೆಯುತ್ತಿರುವ ಫ್ಯಾಂಟಸಿ ಕಾದಂಬರಿಯಲ್ಲಿ ಎಲ್ಫ್‌ಗಳ, ಅಂದರೆ ಯುರೋಪಿನ ಜನಪದ ಕಥೆಗಳ ಮಾಯಾಜನರ, ಒಂದು ಕಾಡುರಾಜ್ಯವಿದೆ. ಅದಕ್ಕೆ ಕೋಟೆಯಿಲ್ಲ, ಮಂತ್ರ ಹಾಕಿದ ಗಡಿಕಲ್ಲುಗಳೇ ಕಾವಲು. ಕಲ್ಲಿನಿಂದ ಬೆಳಕಿನ ಗೋಡೆ ಏಳುವುದು ನನಗೆ ಬೇಡವಾಗಿತ್ತು. ಯಾರೂ ದಾಟಲಾಗದ ಗಡಿಯಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ, ಅಲ್ವಾ?

ಹಾಗಾಗಿ ನಿಜವಾದ ಕಲ್ಲುಗಳು ಏನು ಹೇಳುತ್ತವೆ ಅಂತ ಓದತೊಡಗಿದೆ. ನಮ್ಮ ದಾನಶಾಸನಗಳ ತಲೆಯ ಮೇಲೆ ಸೂರ್ಯ ಚಂದ್ರರಿರುತ್ತಾರೆ, ಕೊನೆಯಲ್ಲಿ ಶಾಪವಿರುತ್ತದೆ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನಂತೆ! ಶಿವಾಲಯಕ್ಕೆ ಬಿಟ್ಟ ಹೊಲಕ್ಕೆ ಲಿಂಗಮುದ್ರೆಯ ಕಲ್ಲು ನೆಡುತ್ತಿದ್ದರು. ಓದು ಬಾರದವನಿಗೂ ಅದು ಯಾರ ನೆಲ ಅಂತ ಗೊತ್ತಾಗುತ್ತಿತ್ತು. ಪ್ರಾಚೀನ ಬ್ಯಾಬಿಲೋನಿನಲ್ಲಿ ಭೂದಾನವನ್ನು ಬರೆದಿಡುತ್ತಿದ್ದ ಕುದುರ್ರು ಕಲ್ಲುಗಳಲ್ಲೂ ಅಷ್ಟೇ, ದೇವರ ಗುರುತುಗಳು, ಜೊತೆಗೆ ಶಾಪ. ಇವು ಯಾವುವೂ ಕಳ್ಳನನ್ನು ತಡೆಯುವುದಿಲ್ಲ. ಮುಂದೆ ಏನಾಗುತ್ತದೆ ಅಂತ ಹೇಳಿ ಬಿಡುತ್ತವೆ.

ನನ್ನ ನಿಯಮ ಇಲ್ಲಿಂದಲೇ ಹುಟ್ಟಿತು. ಎಲ್ಫ್‌ಗಳ ಗಡಿಯನ್ನು ಯಾರು ಬೇಕಾದರೂ ದಾಟಬಹುದು. ಆದರೆ ಒಳಗಿನಿಂದ ಒಂದು ಕಡ್ಡಿ ಕದ್ದರೂ ಸರಿ, ಅದನ್ನು ವಾಪಸ್ ಇಡುವ ತನಕ ಕಳ್ಳನಿಗೆ ತನ್ನ ಮನೆಯ ದಾರಿ ನೆನಪಾಗುವುದಿಲ್ಲ.

ಕಲ್ಲಿನ ಮೇಲಿನ ಬರಹಕ್ಕೆ ಐರ್ಲೆಂಡಿನ ಓಗಮ್ ಎಂಬ ಹಳೆಯ ಲಿಪಿಯ ಕಲ್ಲುಗಳು ನೆರವಾದವು. ಅಲ್ಲಿ ಅಕ್ಷರ ಅಂದರೆ ಕಲ್ಲಿನ ಅಂಚಿನಲ್ಲಿ ಕೊರೆದ ಗೀಟುಗಳು. ನನ್ನ ಎಲ್ಫ್‌ಗಳು ಅಂಥ ಗೀಟುಗಳನ್ನು ಕತ್ತಲಲ್ಲಿ ಬೆರಳಾಡಿಸಿ ಓದುತ್ತಾರೆ. ಇಂಥ ಜನಕ್ಕೆ ಕಬ್ಬಿಣ ಆಗಿಬರುವುದಿಲ್ಲ ಅನ್ನುವ ನಂಬಿಕೆ ಯುರೋಪಿನ ಜನಪದದಲ್ಲಿದೆ. ಅದಕ್ಕೇ ಅವರಿಗೆ ಉಳಿಯಿಲ್ಲ, ಕಲ್ಲಿನಿಂದಲೇ ಕಲ್ಲನ್ನು ಉಜ್ಜಿ ಕೊರೆಯಬೇಕು.

ನನಗೆ ಜಾಸ್ತಿ ಇಷ್ಟವಾದದ್ದು ರೋಮನ್ನರ ಟರ್ಮಿನಾಲಿಯಾ ಹಬ್ಬ. ಟರ್ಮಿನಸ್ ಅವರ ಗಡಿದೇವರು. ಫೆಬ್ರವರಿ 23ರಂದು ಅಕ್ಕಪಕ್ಕದ ಹೊಲದವರು ಒಂದೇ ಗಡಿಕಲ್ಲಿಗೆ ಎರಡೂ ಕಡೆಯಿಂದ ಹಾರ ಹಾಕುತ್ತಿದ್ದರು. ಗಡಿಯನ್ನು ಕಾಯುವುದು ಎರಡೂ ಕಡೆಯವರ ಒಪ್ಪಿಗೆ! ನನ್ನ ಕಲ್ಲುಗಳಿಗೆ ಎರಡು ಮುಖ ಕೊಟ್ಟೆ. ವರ್ಷಕ್ಕೊಮ್ಮೆ ಎಲ್ಫ್‌ಗಳು ಒಂದು ಮುಖಕ್ಕೆ, ಗಡಿಯಾಚೆಯ ಹಳ್ಳಿಯವರು ಇನ್ನೊಂದಕ್ಕೆ ಹಾರ ಹಾಕಬೇಕು. ಒಂದು ಕಡೆಯವರು ಬಿಟ್ಟರೂ ಮಂತ್ರ ಹೋಗುತ್ತದೆ.

ಇಷ್ಟು ಸಿಕ್ಕ ಮೇಲೆ ಕಥೆಯನ್ನು ಬೇರೆಲ್ಲೂ ಹುಡುಕಬೇಕಾಗಲಿಲ್ಲ. ಹಳ್ಳಿಯಲ್ಲಿ ಬರಗಾಲ. ಕಾಡಿನೊಳಗೆ ತುಂಬಿದ ಕೆರೆಯಿದೆ. ಆ ವರ್ಷ ಹಳ್ಳಿಯವರು ಹಾರ ಹಾಕಲು ಬರುವುದಿಲ್ಲ.