ಸ್ವಿಚ್ ಆಫ್ ಮಾಡಿದರೂ ಮಿಣುಕುತ್ತಿದ್ದ ಎಲ್‌ಇಡಿ ಬಲ್ಬ್: ನನ್ನ ಅನುಭವ

ತೊಂದರೆ ಇಷ್ಟೇ: 9 ವ್ಯಾಟ್‌ನ ಎಲ್‌ಇಡಿ ಬಲ್ಬ್, ಸ್ವಿಚ್ ಆಫ್ ಮಾಡಿದ ಮೇಲೂ ಮಂದವಾಗಿ ಉರಿಯುತ್ತಿತ್ತು. ಬಲ್ಬ್ ಬದಲಿಸಿದರೂ ಅದೇ ಕಥೆ.

ಮೊದಲು ಟೆಸ್ಟರನ್ನು ಕರೆಂಟಿರುವ ಪ್ಲಗ್‌ನಲ್ಲಿ ಪರೀಕ್ಷಿಸಿಕೊಂಡೆ. ಬಲ್ಬ್ ತೆಗೆದು, ಸ್ವಿಚ್ ಆಫ್ ಇಟ್ಟು ಹೋಲ್ಡರ್‌ನ ಎರಡು ಪಿನ್‌ಗಳಿಗೂ ಮುಟ್ಟಿಸಿದಾಗ ಒಂದರಲ್ಲಿ ಟೆಸ್ಟರ್ ಚೆನ್ನಾಗಿ ಹೊತ್ತಿತು. ಅಲ್ಲಿಗೆ ಗೊತ್ತಾಯಿತು, ಸ್ವಿಚ್ ಕಡಿಯುತ್ತಿರುವುದು ಫೇಸನ್ನಲ್ಲ (ಕರೆಂಟ್ ತರುವ ವೈರು), ನ್ಯೂಟ್ರಲನ್ನು (ಕರೆಂಟ್ ಮರಳುವ ವೈರು).

ಹೀಗಿದ್ದರೆ ಬಲ್ಬಿಗೆ 230 ವೋಲ್ಟ್ ಸದಾ ತಲುಪಿರುತ್ತದೆ. ಸರ್ಕ್ಯೂಟ್ ತೆರೆದಿದ್ದರೂ ವೈರು ಮತ್ತು ಗೋಡೆಯ ನಡುವಿನ ಕೆಪಾಸಿಟನ್ಸ್ (ಒಂದಕ್ಕೊಂದು ತಾಗದಿದ್ದರೂ ಎಸಿ ಕರೆಂಟನ್ನು ದಾಟಿಸುವ ಗುಣ) ಮೂಲಕ ಅತ್ಯಲ್ಪ ಎಸಿ ಕರೆಂಟ್ ಹರಿಯುತ್ತದೆ. ಹಳೆಯ 60 ವ್ಯಾಟ್ ಬಲ್ಬಿಗೆ 60 ÷ 230, ಅಂದರೆ ಸುಮಾರು 0.26 ಆಂಪಿಯರ್ ಬೇಕು. ಆ ಸೋರಿಕೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಎಲ್‌ಇಡಿಗೆ ಅಷ್ಟೇ ಸಾಕು. ಮಿಣುಕು ನಿರುಪದ್ರವಿ, ನಿಜ. ಆದರೆ ಸ್ವಿಚ್ ಆರಿಸಿದ್ದೇನೆ ಎಂದು ನಂಬಿ ಹೋಲ್ಡರ್‌ನ ಪಿನ್ ಮುಟ್ಟಿದವರಿಗೆ ಶಾಕ್ ಹೊಡೆಯಬಹುದು.

ಮೇನ್ ಆಫ್ ಮಾಡಿ, ಬೋರ್ಡ್ ಬಿಚ್ಚಿ, ಕರೆಂಟಿಲ್ಲ ಎಂದು ಟೆಸ್ಟರಿನಲ್ಲಿ ಮತ್ತೊಮ್ಮೆ ನೋಡಿದೆ. ಸ್ವಿಚ್ಚಿಗೆ ಬರುತ್ತಿದ್ದ ನ್ಯೂಟ್ರಲ್ ತೆಗೆದು ಅಲ್ಲಿಗೆ ಫೇಸ್ ಕೊಟ್ಟೆ. ನೇರವಾಗಿ ಹೋಲ್ಡರಿಗೆ ಹೋಗುತ್ತಿದ್ದ ವೈರನ್ನು ನ್ಯೂಟ್ರಲ್‌ಗೆ ಸೇರಿಸಿದೆ. ಕಪ್ಪು ವೈರೆಂದರೆ ನ್ಯೂಟ್ರಲ್ ಎಂಬುದು ನಿಯಮ, ಆದರೆ ಹಳೆಯ ವೈರಿಂಗ್‌ನಲ್ಲಿ ಬಣ್ಣ ನಂಬಬೇಡಿ. ಸ್ಕ್ರೂ ಸಡಿಲ ಬಿಟ್ಟರೆ ಅಲ್ಲೇ ಬಿಸಿಯಾಗಿ ಸುಡುತ್ತದೆ.

ಫೇಸ್ ಸರಿಯಾಗಿದ್ದೂ ಮಿಣುಕಿದರೆ ಸ್ವಿಚ್ಚಿನಲ್ಲಿ ಇಂಡಿಕೇಟರ್ ಇದೆಯೇ ನೋಡಿ. ಅದರ ಪುಟ್ಟ ನಿಯಾನ್ ದೀಪದ ಮೂಲಕವೂ ಕರೆಂಟ್ ಸೋರುತ್ತದೆ. ಸಾದಾ ಸ್ವಿಚ್ ಹಾಕಿದರೆ ಮುಗಿಯಿತು.