ವೆಲ್ಡಿಂಗ್ ಇಲ್ಲದ ಗ್ಯಾರೇಜ್ ರ‍್ಯಾಕ್: ಬೋಲ್ಟಿನಲ್ಲೇ ನಿಲ್ಲಿಸಿದ ನನ್ನ ಅನುಭವ

"ಬೋಲ್ಟ್ ರ‍್ಯಾಕು ಫೈಲು ಇಡೋಕೆ ಸರಿ, ಗ್ಯಾರೇಜಿನ ಭಾರಕ್ಕೆ ವೆಲ್ಡ್ ಮಾಡಿಸದೆ ಗತಿಯಿಲ್ಲ" ಅಂದವರೇ ಹೆಚ್ಚು. ಮೊದಲೆರಡು ಸಲ ಅವರ ಮಾತೇ ನಿಜವಾಯಿತು, ಒಪ್ಪಿಕೊಳ್ಳುತ್ತೇನೆ. ಮೂರನೇ ಸಲ ಕಟ್ಟಿದ್ದು ಮಾತ್ರ ಉಕ್ಕಿನ ಶೆಲ್ಫ್ ಒಂದಕ್ಕೆ 150 ಕಿಲೋ ಹೊತ್ತು ನಿಂತಿದೆ. ಮೇಲ್ತುದಿ ಹಿಡಿದು ಜಗ್ಗಿದರೆ ಅಲುಗಾಟ ಕೈಗೆ ತಿಳಿಯಬೇಕೇ ಹೊರತು ಕಣ್ಣಿಗೆ ಕಾಣುವುದಿಲ್ಲ. ಎಲ್ಲೂ ಒಂದು ಚುಕ್ಕೆ ವೆಲ್ಡ್ ಇಲ್ಲ. ಸ್ಲಾಟೆಡ್ ಆಂಗಲ್ (ಉದ್ದಕ್ಕೂ ತೂತುಗಳಿರುವ, L ಆಕಾರದ ಉಕ್ಕಿನ ಪಟ್ಟಿ) ಜೋಡಿಸಿ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಹಾಗಾಗಿ ಅ ಆ ಇ ಈಯಿಂದ ಶುರು ಮಾಡುವುದಿಲ್ಲ. ಅಂಕಿಗಳೆಲ್ಲ ನೆನಪಿನಿಂದ ಬರೆದವು, ಅಲ್ಲಿ ಇಲ್ಲಿ ಒಂದೆರಡು ಮಿಲಿಮೀಟರ್ ಆಚೀಚೆ ಇದ್ದೀತು.

ಅಳತೆ ಹೀಗೆ: ಎತ್ತರ 7 ಅಡಿ, ಅಗಲ 3 ಅಡಿ, ಆಳ 18 ಇಂಚು, ಐದು ಶೆಲ್ಫ್. ಇಂಥವು ಮೂರು, ಗೋಡೆಯುದ್ದಕ್ಕೂ ಸಾಲಾಗಿ. ಕಾಲುಗಳು 40 ಎಂಎಂ ಆಂಗಲ್, 14 ಗೇಜ್, ಅಂದರೆ 2 ಎಂಎಂ ದಪ್ಪ (ಗೇಜಿನ ಅಂಕಿ ಏರಿದಷ್ಟೂ ತಗಡು ತೆಳು). ಶೆಲ್ಫ್ 20 ಗೇಜ್, ಅಡಿಯಲ್ಲಿ ಉದ್ದಕ್ಕೆ ಒಂದು ಸ್ಟಿಫ್ನರ್, ಅಂದರೆ ಬಾಗದಂತೆ ತಡೆಯುವ ಪಟ್ಟಿ.

ಮೊದಲ ಸಲ 4 ಅಡಿ ಅಗಲ ಮಾಡಿದ್ದೇ ತಪ್ಪು. ಕಾಲುಗಳ ಸಂಖ್ಯೆ ಕಡಿಮೆಯಾಗುತ್ತದೆ, ದುಡ್ಡು ಉಳಿಯುತ್ತದೆ ಎಂಬ ಲೆಕ್ಕ. ಭಾರ ಇಟ್ಟ ವಾರದಲ್ಲೇ ನಡುವೆ ಜೋತುಬಿತ್ತು. ಅಡಿಗೆ ಇಷ್ಟು ಕಿಲೋ ಎಂದು ಒಂದೇ ಸಮ ಭಾರ ಹೇರಿದರೆ, ಬಾಗುವಿಕೆ ಅಗಲದ ನಾಲ್ಕನೇ ಘಾತದಂತೆ ಏರುತ್ತದೆ. 4 ಅಡಿಯಿಂದ 3 ಅಡಿಗೆ ಇಳಿಸಿದರೆ ಅದು ಹೆಚ್ಚು ಕಡಿಮೆ ಮೂರನೇ ಒಂದು ಭಾಗಕ್ಕೆ ಬರುತ್ತದೆ. ಶೀಟಿನ ದಪ್ಪ ಏರಿಸಿ ಇಷ್ಟು ಪಡೆಯಬೇಕಾದರೆ ಜೇಬು ಖಾಲಿ.

ಕಬ್ಬಿಣ ತೂಕದ ಮೇಲೆ ಮಾರಾಟವಾಗುವ ಮಾಲು. ಐದೂ ಶೆಲ್ಫ್ ಉಕ್ಕಿನದಾದರೆ ಈ ಅಳತೆಯ ಒಂದು ರ‍್ಯಾಕಿನಲ್ಲಿ ನಾಲ್ಕು ಕಾಲು ಸೇರಿ 10-11 ಕಿಲೋ, ಶೆಲ್ಫ್‌ಗಳು 22 ಕಿಲೋ. ಮೂರರಲ್ಲಿ ಎರಡು ಪಾಲು ಶೆಲ್ಫಿನದೇ. ಕಾಲನ್ನು ತೆಳುವಾದ 16 ಗೇಜಿಗೆ ಇಳಿಸಿದರೆ ಉಳಿಯುವುದು 2 ಕಿಲೋ, ನೂರಕ್ಕೆ ಆರರಷ್ಟು. ಆ ಆರಕ್ಕಾಗಿ ಎರಡನೇ ರ‍್ಯಾಕಿನ ಕಾಲುಗಳು ಹೊರಕ್ಕೆ ಬಿಲ್ಲಾದವು. ಜಿಪುಣತನ ಮಾಡುವುದಿದ್ದರೆ ಮೇಲಿನ ಶೆಲ್ಫಿನಲ್ಲಿ ಮಾಡಿ, ಕಾಲಿನಲ್ಲಿ ಬೇಡ.

ಅಂಗಡಿಯ ಬಿಡಿಭಾಗಗಳ ಸೆಟ್ಟಿನ ಜೊತೆ ಬರುವ 6 ಎಂಎಂ ಬೋಲ್ಟ್ ನಾನು ಬಳಸುವುದಿಲ್ಲ. ಆಂಗಲಿನ ತೂತು ದೊಡ್ಡದು, ಬೋಲ್ಟ್ ಸಣ್ಣದು. ಭಾರ ಬಿದ್ದಾಗ ತೂತಿನೊಳಗೆ ಜಾರಿ ಶೆಲ್ಫ್ ಒಂದು ಮೂಲೆಗೆ ಇಳಿಯುತ್ತದೆ. 8 ಎಂಎಂ ಬೋಲ್ಟ್, 20 ಎಂಎಂ ಉದ್ದ, ನಟ್ಟಿನ ಕಡೆ ಅಗಲ ವಾಷರ್. ಸ್ಪಾನರ್ 13ರದ್ದು, ಎರಡು ಬೇಕು. ಒಂದು ರ‍್ಯಾಕಿಗೆ 100 ಬೋಲ್ಟ್ ತಂದಿಟ್ಟುಕೊಂಡರೆ ನಾಲ್ಕೈದು ಉರುಳಿ ಕಳೆದುಹೋದರೂ ಕೆಲಸ ನಿಲ್ಲುವುದಿಲ್ಲ.

ಅಲುಗಾಟಕ್ಕೆ ಬರೋಣ. ವೆಲ್ಡ್ ಬೇಕು ಅನ್ನುವವರ ವಾದವೆಲ್ಲ ನಿಂತಿರುವುದು ಇದರ ಮೇಲೆಯೇ. ಮೂಲೆ ಪ್ಲೇಟ್ ಎಷ್ಟೇ ಹಾಕಿ, ಉದ್ದದ ದಿಕ್ಕಿನಲ್ಲಿ ರ‍್ಯಾಕ್ ಓಲಾಡುತ್ತದೆ. ಚೌಕಕ್ಕೆ ವಾಲುವುದು ಸುಲಭ, ತ್ರಿಕೋನಕ್ಕೆ ಆಗದು. ಎರಡನೇ ಸಲ ಬೆನ್ನಿಗೆ ಮೂಲೆಯಿಂದ ಮೂಲೆಗೆ ಓಡುವ ಒಂದೇ ಕ್ರಾಸ್ ಪಟ್ಟಿ ಹಾಕಿದ್ದೆ. 25 ಎಂಎಂ ಅಗಲ, 3 ಎಂಎಂ ದಪ್ಪದ ಚಪ್ಪಟೆ ಪಟ್ಟಿ ಎಳೆತಕ್ಕೆ ಮಾತ್ರ ದುಡಿಯುತ್ತದೆ, ಒತ್ತಿದರೆ ಬಾಗಿ ಸುಮ್ಮನಾಗುತ್ತದೆ. ಹೀಗಾಗಿ ಬಲಕ್ಕೆ ತಳ್ಳಿದರೆ ಗಟ್ಟಿ, ಎಡಕ್ಕೆ ತಳ್ಳಿದರೆ ತೊಟ್ಟಿಲು. ಗುಣಾಕಾರದ ಚಿಹ್ನೆಯಂತೆ ಎರಡು ಪಟ್ಟಿ ಇರಲೇಬೇಕು. ಆಮೇಲೆ ಎರಡೂ ಹಾಕಿದೆ, ನೆಲದಿಂದ ಮೇಲ್ತುದಿವರೆಗೆ ಒಂದೇ ಗುಣಾಕಾರ. ಸುಧಾರಿಸಿತು, ಆದರೆ ಸಾಲದು. 7 ಅಡಿಗೆ 3 ಅಡಿ ಅಂದರೆ ಪಟ್ಟಿ ತೀರಾ ಕಡಿದಾಗಿ ನಿಲ್ಲುತ್ತದೆ, ಅಡ್ಡ ತಳ್ಳಾಟವನ್ನು ಹಿಡಿಯುವ ಶಕ್ತಿ ಕಡಿಮೆ. ಈಗ ಬೆನ್ನನ್ನು ಎರಡಾಗಿ ಒಡೆದು, ಕೆಳಗೊಂದು ಮೇಲೊಂದು ಗುಣಾಕಾರ. ಪ್ರತಿ ಅರ್ಧ 1050ಕ್ಕೆ 900 ಎಂಎಂ, ಕರ್ಣ 1383ರ ಆಸುಪಾಸು. ಎರಡು ಪಟ್ಟಿ ಸೇರುವಲ್ಲಿ ಒಂದು ಬೋಲ್ಟ್ ಹಾಕಿದರೆ ಗಲಗಲ ಸದ್ದೂ ಇಲ್ಲ. ಪಕ್ಕಗಳಿಗೆ ಒಂದೊಂದು ಜೋಡಿ ಸಾಕು.

ಜೋಡಿಸುವ ಕ್ರಮದಲ್ಲೇ ಅರ್ಧ ಗುಟ್ಟಿದೆ. ಎಲ್ಲ ಬೋಲ್ಟನ್ನೂ ಕೈಯಲ್ಲಿ ತಿರುಗಿಸಿದಷ್ಟೇ ಬಿಡಿ. ಮೊದಲ ಶೆಲ್ಫನ್ನೇ ಬಿಗಿ ಮಾಡಿದರೆ ಐದನೆಯದು ಕೂರುವುದಿಲ್ಲ, ಸುತ್ತಿಗೆ ತರಬೇಕಾಗುತ್ತದೆ, ಸುತ್ತಿಗೆ ಬಂದರೆ ರ‍್ಯಾಕು ಕೆಟ್ಟಿತು. ಚೌಕಟ್ಟು ಎದ್ದು ನಿಂತ ಮೇಲೆ ಬೆನ್ನಿನ ಎರಡೂ ಕರ್ಣ ಅಳೆಯಿರಿ; 3 ಎಂಎಂ ಒಳಗೆ ಬರುವವರೆಗೆ ಮೂಲೆ ದೂಡಿ. ಆಗ ಕ್ರಾಸ್ ಪಟ್ಟಿ ಬಿಗಿ. ಆಮೇಲೆ ಕೆಳಗಿನ ಶೆಲ್ಫ್, ನಂತರ ಮೇಲಿನದು, ಕೊನೆಗೆ ನಡುವಿನವು.

ನೀರು ಹರಿದುಹೋಗಲೆಂದು ಗ್ಯಾರೇಜಿನ ನೆಲವನ್ನು ಬಾಗಿಲ ಕಡೆಗೆ ಇಳಿಜಾರು ಮಾಡಿರುತ್ತಾರೆ. ನೂರಕ್ಕೆ ಒಂದು ಅಂದರೂ ಮೂರು ರ‍್ಯಾಕಿನ 2700 ಎಂಎಂ ಉದ್ದಕ್ಕೆ 27 ಎಂಎಂ ವ್ಯತ್ಯಾಸ. ನೆಲ ಎತ್ತರ ಇರುವ ಕಡೆಯ ಕಾಲಿನಿಂದ ಶುರು ಮಾಡಿ ಉಳಿದವನ್ನು ಎತ್ತಬೇಕು. ಕಾಲಡಿಗೆ ಕೊಡಲು ಕಬ್ಬಿಣದ ತುಂಡುಗಳೇ ಬೇಕು. ರಬ್ಬರ್ ಕುಗ್ಗುತ್ತದೆ, ಮರದ ಚಕ್ಕೆ ನೀರು ಕುಡಿದು ಉಬ್ಬುತ್ತದೆ. ಎರಡನ್ನೂ ಇಟ್ಟು ನೋಡಿಯೇ ಹೇಳುತ್ತಿದ್ದೇನೆ. ಸೆಟ್ಟಿನಲ್ಲಿ ಬರುವ ಪ್ಲಾಸ್ಟಿಕ್ ಬೂಟೂ ಅಷ್ಟೇ. ಎಲ್ಲ ತುಂಬಿದಾಗ ಕಾಲೊಂದಕ್ಕೆ 170 ಕಿಲೋ ಹತ್ತಿರ ಬೀಳುತ್ತದೆ, ಆಂಗಲಿನ 2 ಎಂಎಂ ಅಂಚು ಬೂಟನ್ನು ಕತ್ತರಿಸಿಕೊಂಡು ನೆಲ ಮುಟ್ಟುತ್ತದೆ. 3 ಇಂಚು ಚೌಕ, 5 ಎಂಎಂ ದಪ್ಪದ ಪ್ಲೇಟ್ ಹಾಕಿದ ಮೇಲೆ ಆ ತಂಟೆ ಮುಗಿಯಿತು.

ಎತ್ತರ ಆಳದ ನಾಲ್ಕು ಪಟ್ಟು ಮೀರಿದೆ, ಆದ್ದರಿಂದ ಗೋಡೆಗೆ ಕಟ್ಟಲೇಬೇಕು, ಚರ್ಚೆಯಿಲ್ಲ. ಹಿಂದಿನ ಪ್ರತಿ ಕಾಲಿನ ಮೇಲ್ತುದಿಗೆ ಒಂದು 8 ಎಂಎಂ ಫಾಸ್ಟನರ್, ಅಂದರೆ ಗೋಡೆಯ ತೂತಿನೊಳಗೆ ಉಬ್ಬಿ ಹಿಡಿಯುವ ಬೋಲ್ಟ್. ಗಾರೆಯ ದಪ್ಪವನ್ನು ಆಳದ ಲೆಕ್ಕಕ್ಕೆ ಹಿಡಿಯಬೇಡಿ. 15 ಎಂಎಂ ಗಾರೆ ದಾಟಿದ ಮೇಲೆ ಇಟ್ಟಿಗೆಯೊಳಗೆ 50 ಎಂಎಂ ಹೋಗಬೇಕು. ತೂತಿನ ಪುಡಿ ಊದದೆ ಬಡಿದರೆ ಅದು ತಿರುಗುತ್ತಲೇ ಇರುತ್ತದೆ, ಹಿಡಿಯುವುದಿಲ್ಲ. ಗೋಡೆ ಟೊಳ್ಳು ಬ್ಲಾಕಿನದಾದರೆ ಉಬ್ಬಿ ಹಿಡಿಯುವ ಫಾಸ್ಟನರ್ ಬ್ಲಾಕನ್ನೇ ಸೀಳುತ್ತದೆ, ಅಲ್ಲಿಗೆ ಉದ್ದ ನೈಲಾನ್ ಪ್ಲಗ್.

ನಡುವೆ ಎರಡು ಪ್ರಯೋಗ. ಕೆಳಮುಖ ಇರಬೇಕಾದ ಶೆಲ್ಫಿನ ಅಂಚಿನ ಮಡಿಕೆಯನ್ನು ಮೇಲ್ಮುಖ ಇಟ್ಟರೆ ತಟ್ಟೆಯಂತಾಗಿ ಡಬ್ಬಿ ಜಾರುವುದಿಲ್ಲ ಎಂದು ಒಂದನ್ನು ತಿರುಗಿಸಿ ಹಾಕಿದೆ. 100 ಕಿಲೋ ಆಗುವಷ್ಟರಲ್ಲಿ ಮಡಿಕೆಯ ಅಂಚು ಅಲೆಅಲೆಯಾಯಿತು. ಭಾರ ಬಿದ್ದಾಗ ಶೆಲ್ಫಿನ ಮೇಲ್ಭಾಗ ಒತ್ತಡಕ್ಕೆ, ಕೆಳಭಾಗ ಎಳೆತಕ್ಕೆ ಸಿಗುತ್ತದೆ; ತೆಳು ಅಂಚು ಎಳೆತ ತಾಳುತ್ತದೆ, ಒತ್ತಡಕ್ಕೆ ನುಲಿಯುತ್ತದೆ. ಎಣ್ಣೆ ಸೋರುವ ಡಬ್ಬಿಗಳಿಗೆ ಮಾತ್ರ ಹಾಗೆ ತಿರುಗಿಸಿಡಬಹುದು.

ಇನ್ನೊಂದು, ಮೇಲಿನ ಎರಡು ಶೆಲ್ಫಿಗೆ 18 ಎಂಎಂ ಪ್ಲೈವುಡ್, ಎರಡು ಪಕ್ಕದ ಆಂಗಲ್ ಮೇಲೆ ಸುಮ್ಮನೆ ಕೂರಿಸಿದ್ದು. 8ಕ್ಕೆ 4 ಅಡಿಯ ಹಾಳೆಯಲ್ಲಿ 900ಕ್ಕೆ 450ರ ತುಂಡು ಐದು ಬರುತ್ತವೆ, ಆದರೆ ನಾರು ಉದ್ದಕ್ಕೆ ಓಡುವುದು ನಾಲ್ಕರಲ್ಲಿ ಮಾತ್ರ. ಉಳಿದ ತುದಿಯಿಂದ ತೆಗೆದ ಐದನೆಯದರಲ್ಲಿ ನಾರು ಅಡ್ಡ, ಅದೇ 60 ಕಿಲೋಗೆ ಒಂದೂವರೆ ಪಟ್ಟು ಬಾಗಿತು. ಅದನ್ನು ಅತಿ ಹಗುರ ಸಾಮಾನಿಗೆ ಇಟ್ಟುಕೊಳ್ಳಿ. ತುತ್ತತುದಿಯ ಶೆಲ್ಫಿಗೆ ಪ್ಲೈ ಹಾಕಿದಾಗ ಚೌಕಟ್ಟೇ ಸಡಿಲವಾಯಿತು, ಅಲ್ಲಿ ಮತ್ತೆ ಉಕ್ಕು ಬಂತು. ಈಗ ಕೆಳಗಿನಿಂದ ನಾಲ್ಕನೆಯದು ಮಾತ್ರ ಪ್ಲೈ.

ಸಾಮಾನು ಇಡುವ ಮೊದಲು ಮರಳಿನ ಪರೀಕ್ಷೆ. 25 ಕಿಲೋದ ಆರು ಚೀಲ ತೂಗಿ, ಒಂದೇ ಸಮ ಹರಡಿ, ಮುಂದಿನ ಅಂಚಿಗೆ ತುದಿಯಿಂದ ತುದಿಗೆ ದಾರ ಬಿಗಿದು, ನಡುವಿನ ಸಂದನ್ನು ಅಳೆಯಿರಿ. ಅಗಲದ 200ರಲ್ಲಿ ಒಂದು ಪಾಲು, ಅಂದರೆ ಇಲ್ಲಿ ನಾಲ್ಕೂವರೆ ಎಂಎಂ, ನಾನು ಇಟ್ಟುಕೊಂಡ ಮಿತಿ. ಸ್ಟಿಫ್ನರ್ ಇದ್ದದ್ದು 3ಕ್ಕೆ ನಿಂತಿತು, ಇಲ್ಲದ್ದು 5 ಮುಟ್ಟಿತು. ಚೀಲ ಇಳಿಸಿದ ಮೇಲೂ ದಾರ ಮತ್ತು ಅಂಚು ಕೂಡದಿದ್ದರೆ ಆ ಶೀಟು ಸೋತಿತು, ಬದಲಿಸಿ. ಒಂದು ಎಚ್ಚರ: ಅಷ್ಟೇ ಭಾರವನ್ನು ಹರಡದೆ ನಟ್ಟನಡುವೆ ಪೇರಿಸಿದರೆ ಶೆಲ್ಫಿನ ಮೇಲಿನ ಬಾಗು ಒತ್ತಡ ಇಮ್ಮಡಿ. 20 ಲೀಟರ್ ಪೇಂಟ್ ಬಕೆಟ್, ಬ್ಯಾಟರಿ ಇಂಥವೆಲ್ಲ ಕಾಲಿನ ಪಕ್ಕಕ್ಕೇ.

ಬಿಗಿದ ಪ್ರತಿ ನಟ್ಟಿನ ಮೇಲೆ, ಆಂಗಲಿಗೂ ತಾಗುವಂತೆ, ಬಿಳಿ ಪೇಂಟಿನ ಒಂದು ಗೆರೆ ಎಳೆಯುತ್ತೇನೆ. ಮೂರು ವಾರ ಬಿಟ್ಟು ನೋಡಿದಾಗ ಹತ್ತು ಹನ್ನೆರಡು ಗೆರೆ ಮುರಿದಿದ್ದವು, ಹೆಚ್ಚಿನವು ಕ್ರಾಸ್ ಪಟ್ಟಿಯ ತುದಿಯವು. ಮತ್ತೆ ಬಿಗಿದು ಹೊಸ ಗೆರೆ ಎಳೆದೆ. ಎರಡನೇ ಸಲ ಮುರಿದದ್ದು ಎರಡೇ.