ಹುಣಸೆಹುಳಿ ಹಾಕಿ ತಿಕ್ಕಿದ ಕಾಲಾಣೆ

ನನಗೆ ಸಿಕ್ಕಿದ ಮೊದಲ ನಾಣ್ಯವನ್ನು ಹಾಳು ಮಾಡಿದ್ದು ನಾನೇ. ಈಸ್ಟ್ ಇಂಡಿಯಾ ಕಂಪೆನಿಯ 1835ರ ಕಾಲಾಣೆ. ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಅಡಿಕೆ ತೋಟದ ಬದಿಯಲ್ಲಿ, ಒಂದು ಗೇಣು ಆಳದಲ್ಲಿತ್ತು. ಕಡುಹಸಿರು ಬಣ್ಣ, ಮೇಲೆ ಕೆಂಪು ಮಣ್ಣಿನ ಅಂಟು. ಖುಷಿಯಲ್ಲಿ ಅಡುಗೆಮನೆಗೆ ಓಡಿ, ದೀಪ ತಿಕ್ಕುವ ಹಾಗೆ ಹುಣಸೆಹುಳಿ, ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಐದೇ ನಿಮಿಷಕ್ಕೆ ಹೊಸ ಚೊಂಬಿನ ಬಣ್ಣ ಬಂತು. ಬೆಳಕಿಗೆ ಹಿಡಿದು ನೋಡಿದರೆ ಸಿಂಹಗಳಿಗೆ ಮುಖವೇ ಇಲ್ಲ. ಇಸವಿ ಹೇಗೋ ಓದಬಹುದು, ಅಷ್ಟೇ. ಅಕ್ಷರಗಳ ಅಂಚೆಲ್ಲ ಆ ಹಸಿರು ಪದರದಲ್ಲೇ ಉಳಿದಿತ್ತು. ಅದನ್ನು ಹುಳಿ ತಿಂದಿತ್ತು.

ಆ ನಾಣ್ಯ ಹುಡುಕಿಕೊಟ್ಟ ಮೆಟಲ್ ಡಿಟೆಕ್ಟರ್ ನನ್ನದಲ್ಲ. ದುಬೈಯಲ್ಲಿದ್ದ ಭಾವ ಊರಿಗೆ ಬರುವಾಗ ತಂದು, ಎರಡು ದಿನ ಆಡಿಸಿ, ಬೇಜಾರಾಗಿ ನನ್ನ ಕೈಗೆ ಕೊಟ್ಟು ಹೋದದ್ದು. ಅವನ ಬೇಜಾರಿಗೆ ಕಾರಣ ನಮ್ಮ ನೆಲ. ಇಲ್ಲಿ ಎಲ್ಲಿ ಅಗೆದರೂ ಮುರಕಲ್ಲು, ಅದರ ತುಂಬ ಕಬ್ಬಿಣದ ಅಂಶ. ಮಶೀನು ಹೆಜ್ಜೆಗೊಮ್ಮೆ ಕೂಗುತ್ತದೆ. ನಾನೂ ಮೊದಲ ವಾರ ಮುರಕಲ್ಲಿನ ಚೂರುಗಳನ್ನೇ ಅಗೆದು ಗುಡ್ಡೆ ಹಾಕಿದೆ.

ಆಮೇಲೆ ಗ್ರೌಂಡ್ ಬ್ಯಾಲೆನ್ಸ್ ಮಾಡುವುದು, ಅಂದರೆ ನೆಲದ ಕಬ್ಬಿಣಕ್ಕೆ ಮಶೀನು ಕೂಗದ ಹಾಗೆ ಹೊಂದಿಸುವುದು ಕಲಿತೆ. ಲೋಹ ಇಲ್ಲದ ಜಾಗದಲ್ಲಿ ಕಾಯಿಲನ್ನು (ಮಶೀನಿನ ತುದಿಯ ತಟ್ಟೆ) ನೆಲದಿಂದ ಮೇಲಕ್ಕೂ ಕೆಳಕ್ಕೂ ಆಡಿಸುತ್ತಾ, ಸದ್ದು ಒಂದೇ ಸಮ ಆಗುವವರೆಗೆ ಹೊಂದಿಸಬೇಕು. ಸೆನ್ಸಿಟಿವಿಟಿಯನ್ನು ಕಡಿಮೆ ಇಡಬೇಕು. ಜಾಸ್ತಿ ಇಟ್ಟರೆ ಆಳಕ್ಕೆ ಹೋಗುತ್ತದೆ ಅಂತ ನಮ್ಮ ಆಸೆ, ಆದರೆ ಮುರಕಲ್ಲಿನಲ್ಲಿ ಗಲಾಟೆ ಮಾತ್ರ ಜಾಸ್ತಿ ಆಗುತ್ತದೆ. ಸದ್ದು ಬಂದ ಜಾಗಕ್ಕೆ ಅಡ್ಡವಾಗಿ ನಿಂತು ಮತ್ತೊಮ್ಮೆ ಆಡಿಸುತ್ತೇನೆ. ಎರಡೂ ಕಡೆಯಿಂದ ಒಂದೇ ಸದ್ದು, ಒಂದೇ ಜಾಗ ಅಂದರೆ ಮಾತ್ರ ಹಾರೆ. ಆದರೂ ಹತ್ತರಲ್ಲಿ ಎಂಟು ಸಲ ಮಾತ್ರೆಯ ಹಾಳೆ, ಸೋಡಾ ಮುಚ್ಚಳ, ಎತ್ತಿನ ಲಾಳ. ನೆಲಕ್ಕೂ ಹದ ಬೇಕು. ಮಳೆ ಬಿಟ್ಟು ಮಣ್ಣಲ್ಲಿ ಇನ್ನೂ ಪಸೆ ಇರುವಾಗ, ಅಂದರೆ ನವೆಂಬರ್ ಹೊತ್ತಿಗೆ ಒಳ್ಳೆಯದು. ಮಾರ್ಚಿನಲ್ಲಿ ಹೋದರೆ ಪಿಕ್ಕಾಸೇ ಬೇಕಾಗುತ್ತದೆ, ಪಿಕ್ಕಾಸು ಬಿದ್ದ ನಾಣ್ಯದ ಕಥೆ ಹೇಳಬೇಕಾ?

ಎಲ್ಲಿ ಹುಡುಕುವುದು ಅನ್ನುವುದಕ್ಕೆ ಮಶೀನಿಗಿಂತ ದೊಡ್ಡಪ್ಪನೇ ವಾಸಿ. ಅವರಿಗೆ ಎಂಬತ್ತೇಳು. ಮೊದಮೊದಲು, "ಎಂತ ಮಾರಾಯ, ಕೊಪ್ಪರಿಗೆ ಸಿಕ್ಕಿತಾ?" ಅಂತ ನಗುತ್ತಿದ್ದರು. ಒಂದು ದಿನ ಅವರೇ ಕೋಲು ಚಾಚಿ ತೋರಿಸಿದರು. "ಆ ಕೆಳಗಿನ ಗದ್ದೆಯಲ್ಲಿ ಆಟ ಆಗ್ತಿತ್ತು. ನಾವೆಲ್ಲ ಬೆಳಗಿನವರೆಗೆ ಚಾಪೆಯಲ್ಲಿ." ಬಯಲಾಟ ನೋಡುತ್ತಾ ನಿದ್ದೆಗೆ ಬಿದ್ದವರ ಸೊಂಟದಿಂದ ಚಿಲ್ಲರೆ ಜಾರದೆ ಇರುತ್ತದಾ? ಉತ್ತಿದ್ದ ಗದ್ದೆಯ ನಡುವೆ ಏನೂ ಸಿಗಲಿಲ್ಲ. ಬದುವಿನ ಉದ್ದಕ್ಕೂ ನಾಲ್ಕು ಸಿಕ್ಕಿತು.

ನಮ್ಮದೇ ಜಾಗ ಅಂತ ಸುಮ್ನೆ ಇರುವ ಹಾಗಿಲ್ಲ. ನೆಲದಡಿ ಸಿಕ್ಕ ನಿಧಿಗೆ ಕೇರಳದಲ್ಲಿ 1968ರ ಕಾಯ್ದೆಯೇ ಇದೆ. ನಾನು ಪಟ್ಟಿ ಮಾಡಿ ವಿಲೇಜ್ ಆಫೀಸಿಗೆ ಕೊಟ್ಟೆ. ಬೇಕಲ ಕೋಟೆಯಂಥ ಸಂರಕ್ಷಿತ ಜಾಗಕ್ಕೆ ಈ ಮಶೀನು ಹಿಡಿದು ಹೋಗುವ ಯೋಚನೆಯೇ ಬೇಡ.

ತೊಳೆಯುವ ಕ್ರಮ ಈಗ ಪೂರ್ತಿ ಬದಲಾಗಿದೆ. ಬಾವಿ ನೀರು ಬಿಟ್ಟು, ಅಂಗಡಿಯ ಬ್ಯಾಟರಿ ನೀರಲ್ಲಿ ನೆನೆಸುತ್ತೇನೆ. ಅದು ಉಪ್ಪಿಲ್ಲದ ನೀರು. ದಿನಕ್ಕೊಮ್ಮೆ ಬದಲಿಸುತ್ತಾ ಒಂದು ವಾರ. ಸಡಿಲವಾದ ಮಣ್ಣು ತಾನಾಗಿ ಬಿಡುತ್ತದೆ. ಆಮೇಲೆ ಒಣಗಿಸಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಮುಳುಗಿಸಿಡುತ್ತೇನೆ, ತಿಂಗಳುಗಟ್ಟಲೆ. ಭಾನುವಾರಕ್ಕೊಮ್ಮೆ ತೆಗೆದು ಹಿಡಿಸೂಡಿ (ಪೊರಕೆ) ಕಡ್ಡಿಯ ತುದಿಯಲ್ಲಿ ಮೆಲ್ಲ ಕೆದಕುವುದು. ಕಡ್ಡಿ ತಾಮ್ರಕ್ಕಿಂತ ಮೆದು, ಗೀರು ಬೀಳುವುದಿಲ್ಲ. ಮೊದಲು ಮಣ್ಣು ಕಪ್ಪಾಗುತ್ತದೆ, ಆಮೇಲೆ ಹೊಪ್ಪಳೆಯ ಹಾಗೆ ಒಂದು ಚೂರು ಏಳುತ್ತದೆ, ಅದರಡಿ ಒಂದು ಅಕ್ಷರ ಕಾಣುತ್ತದೆ. ಒಂದು ಭಾನುವಾರಕ್ಕೆ ಒಂದು ಅಕ್ಷರ ಸಿಕ್ಕರೆ ನನಗೆ ಸಾಕು.

ಗಟ್ಟಿಯಾದ ಕಡುಹಸಿರನ್ನು ಮುಟ್ಟಬಾರದು. ಆದರೆ ಬೆರಳಿಗೆ ಹತ್ತುವ ತಿಳಿಹಸಿರು ಪುಡಿ ಕಂಡರೆ ಸುಮ್ಮನೆ ಕೂರಬೇಡಿ. ಒಳಗೆ ಸೇರಿದ ಉಪ್ಪು ತೇವ ಸಿಕ್ಕ ಕೂಡಲೇ ತಾಮ್ರವನ್ನು ಕೊರೆಯುತ್ತಿದೆ ಅಂತ ಅರ್ಥ, ಮತ್ತೆ ನಮ್ಮದು ಕಡಲ ಗಾಳಿಯ ಊರು. ಅಂಥದ್ದನ್ನು ಒಗೆಯುವ ಸೋಡಾ, ಅಡುಗೆ ಸೋಡಾ ಎರಡೂ ಸೇರಿ ಲೀಟರಿಗೆ 50 ಗ್ರಾಂ ಹಾಕಿದ ಬ್ಯಾಟರಿ ನೀರಲ್ಲಿ ಇಟ್ಟೆ. ವಾರಕ್ಕೊಮ್ಮೆ ನೀರು ಬದಲಿಸಿದೆ. ಮೂರು ತಿಂಗಳು ಹಿಡಿಯಿತು. ಈಗ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿದೆ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಮಾತ್ರ ಹಾಕಲಿಲ್ಲ, ಅದೇ ಕ್ರಮೇಣ ಆಮ್ಲ ಬಿಟ್ಟು ನಾಣ್ಯಕ್ಕೆ ಹಸಿರು ಅಂಟು ಹಿಡಿಸುತ್ತದೆ.

ಸುದ್ದಿ ಹರಡಿದ ಮೇಲೆ ಒಬ್ಬರು 1818 ಅಂತ ಬರೆದ, ಹನುಮಂತನಿರುವ ಕಂಪೆನಿ ನಾಣ್ಯ ತಂದು, "ಲಕ್ಷ ಬರುತ್ತದಂತೆ" ಅಂದರು. ಕಂಪೆನಿ ಹನುಮಂತನ ನಾಣ್ಯ ಹೊಡೆದದ್ದೇ ಇಲ್ಲ, ಇದು ಆಮೇಲೆ ಯಾರೋ ಮಾಡಿದ ಟೋಕನ್ ಅಂದೆ. ಅವರಿಗೆ ಇವತ್ತಿಗೂ ನನ್ನ ಮೇಲೆ ಸಿಟ್ಟು.

ಬದುವಿನ ನಾಲ್ಕರಲ್ಲಿ ಒಂದು ಒಟ್ಟೆ ಮುಕ್ಕಾಲು. 1943ರಿಂದ 1947ರವರೆಗೆ ಬಂದ, ನಡುವೆ ದೊಡ್ಡ ತೂತಿರುವ ಒಂದು ಪೈಸೆ. ಇದರದ್ದು 1944. ಎಣ್ಣೆ ಒರೆಸಿ ದೊಡ್ಡಪ್ಪನ ಕೈಗೆ ಕೊಟ್ಟೆ. ಅವರು ಕಿರುಬೆರಳು ತೂರಿಸಿ ನೋಡಿದರು, ತುದಿಯೂ ಹೋಗಲಿಲ್ಲ. "ಉಡಿದಾರಕ್ಕೆ ಕಟ್ಟಿಕೊಳ್ತಿದ್ದೆವು. ನನ್ನದೂ ಒಂದು ಆ ಗದ್ದೆಯಲ್ಲಿ ಹೋಗಿತ್ತು, ಅಪ್ಪ ಹೊಡೆದಿದ್ದರು" ಅಂದರು. ಸ್ವಲ್ಪ ಹೊತ್ತು ತಿರುಗಿಸಿ ನೋಡಿ, "ಇದು ಅದಲ್ಲ ಬಿಡು" ಅಂತ ಹೇಳಿ ಜೇಬಿಗೆ ಹಾಕಿಕೊಂಡರು.